ಭಾನುವಾರಕ್ಕೊಂದು ಚಿತ್ರ: ಅಪ್ಪನ ಜೊತೆ ಕುಳಿತು ನೋಡಲು ನಿಮ್ಮ ಮನೆಯ ಚಿತ್ರ ಯಾವುದು?

ಪ್ರಶ್ನೆ, ಬೆಂಗಳೂರಿನಿಂದ:

ನನ್ನ ತಂದೆಯವರಿಗೆ ಈಗ 76 ವರ್ಷ. ಎಂಟು ತಿಂಗಳ ಹಿಂದೆ ತಾಯಿ ತೀರಿಕೊಂಡ ಮೇಲೆ ಅರಸೀಕೆರೆ ಕಡೆಯ ಊರಿನ ಮನೆಗೆ ಬೀಗ ಹಾಕಿ ಅವರನ್ನು ಇಲ್ಲಿಗೆ ಕರೆತಂದಿದ್ದೇನೆ. ಊಟವಾಯಿತೇ, ಮಾತ್ರೆ ತೆಗೆದುಕೊಂಡಿರೇ ಎಂಬ ಎರಡು ಪ್ರಶ್ನೆಗಳಾಚೆ ನಮ್ಮ ನಡುವೆ ಮಾತು ಹುಟ್ಟುತ್ತಿಲ್ಲ. ಪ್ರತಿ ಭಾನುವಾರ ಮಧ್ಯಾಹ್ನ ಇಬ್ಬರೂ ಕೂತು ಒಂದು ಕನ್ನಡ ಚಿತ್ರ ನೋಡೋಣವೆಂದುಕೊಂಡಿದ್ದೇನೆ. ಶ್ರೇಷ್ಠ ಚಿತ್ರಗಳ ಪಟ್ಟಿ ಎಲ್ಲಿಯಾದರೂ ಸಿಗುತ್ತದೆ, ನನಗೆ ಬೇಕಾದದ್ದು ಅದಲ್ಲ. ನಿಮ್ಮ ಮನೆಯೊಳಗೆ ಏನನ್ನಾದರೂ ಅಲುಗಾಡಿಸಿದ ಚಿತ್ರ ಯಾವುದು, ಯಾಕೆ ಎಂಬುದನ್ನು ಹೇಳುವಿರಾ?

ತಿಪಟೂರಿನಿಂದ, ನಿವೃತ್ತ ಶಿಕ್ಷಕ:

ನನ್ನ ಉತ್ತರ ‘ಬಂಗಾರದ ಮನುಷ್ಯ’. ಟಿ.ಕೆ. ರಾಮರಾವ್ ಅವರ ಕಾದಂಬರಿಯನ್ನು ಸಿದ್ದಲಿಂಗಯ್ಯನವರು 1972ರಲ್ಲಿ ತೆರೆಗೆ ತಂದದ್ದು, ಅದನ್ನು ನೋಡಿದ ವಿದ್ಯಾವಂತ ಹುಡುಗರು ಪಟ್ಟಣ ಬಿಟ್ಟು ಹೊಲಕ್ಕೆ ಮರಳಿದ್ದು, ಇವನ್ನೆಲ್ಲ ನೀವು ಕೇಳಿಯೇ ಇರುತ್ತೀರಿ. ನಮ್ಮ ಸೋದರಮಾವ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಟೆಂಟಿಗೆ ಕರೆದೊಯ್ದಿದ್ದರು. ನನ್ನ ತಂದೆ ಬೇಗ ಹೋಗಿದ್ದರಿಂದ ನಮ್ಮ ತಾಯಿಯ ಸಂಸಾರವನ್ನು ಹೊತ್ತವರು ಅವರೇ. ಪಿ.ಬಿ. ಶ್ರೀನಿವಾಸರು ಹಾಡಿದ ‘ಆಗದು ಎಂದು ಕೈಲಾಗದು ಎಂದು’ ಹಾಡಿನಲ್ಲಿ ವಿಶ್ವೇಶ್ವರಯ್ಯನವರ ಹೆಸರೂ ಕನ್ನಂಬಾಡಿಯ ಹೆಸರೂ ಬರುವಾಗ ಟೆಂಟಿನಲ್ಲಿ ಸಿಳ್ಳೆ ಬೀಳುತ್ತಿತ್ತು. ಮಾವ ಮಾತ್ರ ಸಿಳ್ಳೆ ಹೊಡೆಯದೆ ತೆರೆಯ ಮೇಲಿನ ಬಂಡೆಯನ್ನೇ ನೋಡುತ್ತಿದ್ದರು. ನಮ್ಮ ಹೊಲದಲ್ಲೂ ಅಂಥದ್ದೊಂದು ಬಂಡೆ ಇತ್ತು.

ಇಪ್ಪತ್ತು ವರ್ಷಗಳ ನಂತರ, ಆಗ ನನಗೆ ನೌಕರಿ ಸಿಕ್ಕಿ ಮದುವೆಯೂ ಆಗಿತ್ತು, ತೆಂಗಿನ ಕಾಯಿಯ ದುಡ್ಡಿನ ಲೆಕ್ಕ ಕೊಡಿ ಎಂದು ಅದೇ ಮಾವನನ್ನು ನಾಲ್ಕು ಜನರೆದುರು ಕೇಳಿದವನು ನಾನು. ಅವರು ಲೆಕ್ಕದ ಪುಸ್ತಕವನ್ನು ಜಗಲಿಯ ಮೇಲಿಟ್ಟು ಎದ್ದುಹೋದರು. ಪುಸ್ತಕದಲ್ಲಿ ಒಂದು ರೂಪಾಯಿಯೂ ತಪ್ಪಿರಲಿಲ್ಲ. ಮುಂದೊಂದು ದಿನ ಟಿವಿಯಲ್ಲಿ ಆ ಚಿತ್ರ ಬಂದಾಗ, ತಾನು ಸಾಕಿ ಓದಿಸಿದ ಅಕ್ಕನ ಮಗನಿಂದಲೇ ಅವಮಾನಿತನಾಗಿ ರಾಜೀವ ಮನೆ ಬಿಟ್ಟು ಹೊರಡುವ ದೃಶ್ಯದಲ್ಲಿ ನನಗೆ ತಲೆಯೆತ್ತಲಾಗಲಿಲ್ಲ. ಎಲ್ಲರೂ ತಮ್ಮನ್ನು ರಾಜೀವನಲ್ಲಿ ಕಾಣುತ್ತಾರೆ, ನನಗೆ ಮಾತ್ರ ಆ ಹುಡುಗನ ಪಾಲು ಬಂತು. ಮರುದಿನ ಬೆಳಗ್ಗೆ ಬಸ್ಸು ಹಿಡಿದು ಮಾವನ ಊರಿಗೆ ಹೋದೆ. ಅವರು ಏನೂ ಕೇಳದೆ, “ಬಾರಪ್ಪ, ಕೈಕಾಲು ತೊಳ್ಕೋ, ಮುದ್ದೆ ಬಿಸಿ ಇದೆ” ಎಂದಷ್ಟೇ ಹೇಳಿದರು.

ಒಂದು ಎಚ್ಚರಿಕೆಯನ್ನು ಮಾತ್ರ ಹೇಳಬೇಕು. ಈ ಚಿತ್ರದಲ್ಲಿ ರಾಜೀವನ ಹೆಂಡತಿ ಲಕ್ಷ್ಮಿ ಹೋರಿಗೆ ಸಿಕ್ಕಿ ಸಾಯುತ್ತಾಳೆ. ನಿಮ್ಮ ತಂದೆಯವರ ಸ್ಥಿತಿಯಲ್ಲಿರುವವರಿಗೆ ಅದು ಇನ್ನೂ ಹಸಿ ಗಾಯ, ಯೋಚಿಸಿ ಹಾಕಿ.

ಧಾರವಾಡದಿಂದ, ಗೃಹಿಣಿ:

ನಮ್ಮ ಅತ್ತೆಯವರಿಗೆ ಮರೆವಿನ ಕಾಯಿಲೆ ಆರಂಭವಾದ ಕಾಲದಲ್ಲಿ, ಒಂದು ದಿನ ಬಸ್ ನಿಲ್ದಾಣದಲ್ಲಿ ನನ್ನ ಕೈ ತಪ್ಪಿಸಿಕೊಂಡು ನಾಲ್ಕು ತಾಸು ಕಾಣೆಯಾಗಿದ್ದರು. ಯಾವ ಬಣ್ಣದ ಸೀರೆ ಉಟ್ಟಿದ್ದರು ಎಂದು ಪೊಲೀಸರು ಕೇಳಿದಾಗ, ಬೆಳಗ್ಗೆ ನಾನೇ ನೆರಿಗೆ ಹಿಡಿದು ಉಡಿಸಿದ್ದ ಸೀರೆಯ ಬಣ್ಣ ನನಗೆ ನೆನಪಾಗಲಿಲ್ಲ. ಕೊನೆಗೆ ಹೂವಿನ ಅಂಗಡಿಯ ಮುಂದೆ ಸಿಕ್ಕರು. ಆ ವರ್ಷವೇ, ಅಂದರೆ 2016ರಲ್ಲಿ, ಹೇಮಂತ್ ರಾವ್ ನಿರ್ದೇಶನದ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಬಂತು. ಕಾಣೆಯಾದವರ ಪ್ರಕಟಣೆಗಳಲ್ಲಿ ಕೇಳಿ ಕೇಳಿ ಸವೆದುಹೋದ ಮಾತುಗಳೇ ಅದರ ಹೆಸರು. ಅನಂತನಾಗ್ ಅವರ ವೆಂಕೋಬರಾವ್, ಮಗ ಹೊರಗೆ ಕರೆದೊಯ್ದ ದಿನವೇ ಕಳೆದುಹೋಗುತ್ತಾರೆ. ತಂದೆ ತಾಯಿಯ ಪ್ರೀತಿಯ ಕಥೆಯನ್ನು ಆ ಮಗ, ತಂದೆಯನ್ನು ನೋಡಿಕೊಳ್ಳುತ್ತಿದ್ದ ವೈದ್ಯೆಯ ಬಾಯಿಂದ ಕೇಳಿ ತಿಳಿಯಬೇಕಾಗುತ್ತದೆ.

ನನ್ನನ್ನು ಚುಚ್ಚಿದ್ದು ಇದೇ. ರೌಡಿಗಳ ಪ್ರಸಂಗ ಸ್ವಲ್ಪ ಉದ್ದವಾಯಿತೆಂದು ನನಗೆ ಈಗಲೂ ಅನಿಸುತ್ತದೆ, ಆದರೆ ಅದನ್ನು ಕ್ಷಮಿಸಿಬಿಟ್ಟಿದ್ದೇನೆ. ಚಿತ್ರ ನೋಡಿ ಬಂದ ರಾತ್ರಿ ಅತ್ತೆಯವರ ಹತ್ತಿರ ಕುಳಿತು ಅವರ ತವರಿನ ಬಗ್ಗೆ ಕೇಳಿದೆ. ನನ್ನ ಹೆಸರು ಮರೆತಿದ್ದ ಅವರು ತಮ್ಮ ಮನೆಯ ಎಮ್ಮೆಗಳ ಹೆಸರುಗಳನ್ನು ಒಂದೂ ಬಿಡದೆ ಹೇಳಿದರು. ಆ ಹೆಸರುಗಳನ್ನು ಹಾಲಿನ ಲೆಕ್ಕ ಬರೆಯುವ ವಹಿಯಲ್ಲಿ ಬರೆದಿಟ್ಟಿದ್ದೇನೆ.

ಶಿವಮೊಗ್ಗದಿಂದ, ನಿವೃತ್ತ ಗುಮಾಸ್ತ:

‘ತಬರನ ಕಥೆ’ಯನ್ನು ಯಾರಾದರೂ ಸೂಚಿಸಿದರೆ ದಯವಿಟ್ಟು ಮೊದಲ ತಿಂಗಳಲ್ಲಿ ಹಾಕಬೇಡಿ. ತೇಜಸ್ವಿಯವರ ಕಥೆ, ಗಿರೀಶ ಕಾಸರವಳ್ಳಿಯವರ ನಿರ್ದೇಶನ, 1986ನೇ ಸಾಲಿನ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿ, ತಬರನಾಗಿ ಚಾರುಹಾಸನ್ ಅವರಿಗೂ ರಾಷ್ಟ್ರಪ್ರಶಸ್ತಿ, ಎಲ್ಲವೂ ನಿಜ. ಆದರೆ ಪಿಂಚಣಿಗಾಗಿ ಅಲೆದು ಸೋತ ಮುದುಕ, ಸಕ್ಕರೆ ಕಾಯಿಲೆಯಿಂದ ಕೊಳೆಯುತ್ತಿರುವ ಹೆಂಡತಿಯ ಕಾಲನ್ನು ಕತ್ತರಿಸಿಕೊಡು ಎಂದು ಕಟುಕನನ್ನು ಬೇಡುವ ದೃಶ್ಯವನ್ನು ಮನಸ್ಸು ಗಟ್ಟಿಯಿರುವಾಗಲೇ ನೋಡಬೇಕು. ನಾನು ಮೂವತ್ತು ವರ್ಷ ಕಡತಗಳ ಮೇಜಿನ ಹಿಂದೆ ಕುಳಿತವನು. ಆ ಚಿತ್ರ ನೋಡಿದ ಮೇಲೆ, “ನಾಳೆ ಬನ್ನಿ” ಎನ್ನುವ ಮೊದಲು ಎದುರಿಗಿದ್ದವರು ಯಾವ ಊರಿಂದ ಬಂದಿದ್ದಾರೆಂದು ಕೇಳುವ ಅಭ್ಯಾಸ ಬಂತು. ಕೇಳಿದ ಮೇಲೆ ನಾಳೆ ಎನ್ನುವುದು ಬಹಳ ಸಲ ಕಷ್ಟವಾಗುತ್ತಿತ್ತು.

ದುಬೈಯಿಂದ, ಮಂಡ್ಯದ ಇಂಜಿನಿಯರ್:

ಹಾಗಾದರೆ ನಗಿಸುವುದನ್ನು ನಾನು ಹೇಳುತ್ತೇನೆ: ರಾಮ್ ರೆಡ್ಡಿಯವರ ‘ತಿಥಿ’. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಎರಡು ಪ್ರಶಸ್ತಿ ಪಡೆದ ಈ ಚಿತ್ರದಲ್ಲಿ ನಟಿಸಿದವರು ನಮ್ಮ ಜಿಲ್ಲೆಯ ಹಳ್ಳಿಯವರೇ. ನೂರೊಂದು ವರ್ಷದ ಸೆಂಚುರಿಗೌಡ ಸತ್ತ ಮೇಲೆ ಅವನ ತಿಥಿಯ ದಿನದವರೆಗೆ ನಡೆಯುವ ಕಥೆ. ಮೊಮ್ಮಗ ತಮ್ಮಣ್ಣನಿಗೆ ಜಮೀನಿನ ಚಿಂತೆ, ಮಗ ಗಡ್ಡಪ್ಪನಿಗೆ ಯಾವ ಚಿಂತೆಯೂ ಇಲ್ಲ. ಸಾವಿನ ಮನೆಯ ಕಥೆಯೆಂದು ನೀವು ಹಿಂಜರಿಯಬಹುದು, ಆದರೆ ಅಲ್ಲಿ ಸತ್ತವನಿಗಾಗಿ ಅಳುವವರನ್ನು ಹುಡುಕಬೇಕು. ನನ್ನ ತಾತ ಹೋದಾಗ ನನಗೆ ರಜೆ ಸಿಗಲಿಲ್ಲ. ತಿಥಿಯ ದಿನ ಇಲ್ಲಿ ಕೋಣೆಯಲ್ಲಿ ಒಬ್ಬನೇ ಈ ಚಿತ್ರ ಹಾಕಿಕೊಂಡೆ. ಪಾತ್ರಗಳು ಬೈದಾಡುವ ಧಾಟಿ ಥೇಟ್ ನಮ್ಮ ಬೀದಿಯದೇ ಆಗಿತ್ತು. ನಗುತ್ತಾ ನಗುತ್ತಾ ಯಾವಾಗ ಅಳತೊಡಗಿದೆನೋ ತಿಳಿಯಲಿಲ್ಲ. ಬೈಗುಳ ಧಾರಾಳವಾಗಿವೆ, ಮನೆಯಲ್ಲಿ ಮಕ್ಕಳಿದ್ದರೆ ಆಟಕ್ಕೆ ಕಳಿಸಿಬಿಡಿ.

ಉಡುಪಿಯಿಂದ:

ಚಿತ್ರ ಆರಿಸುವ ಮೊದಲು ಅವರನ್ನೇ ಕೇಳಿ ನೋಡಿ. ಯಾವ ಚಿತ್ರ ಇಷ್ಟ ಎಂದು ಕೇಳಿದರೆ “ಯಾವುದಾದರೂ ಹಾಕು” ಎಂಬ ಉತ್ತರ ಬರುತ್ತದೆ. ಅಮ್ಮನ ಜೊತೆ ಮೊದಲು ನೋಡಿದ್ದು ಯಾವುದು ಎಂದು ಕೇಳಿ. ನೋಡುವಾಗ ಅವರ ಮುಖವನ್ನು ಗಮನಿಸುತ್ತಾ ಕೂರಬೇಡಿ, ಅದು ಅವರಿಗೆ ತಿಳಿದುಬಿಡುತ್ತದೆ.

ಪ್ರಶ್ನೆ ಕೇಳಿದವರಿಂದ, ಮೂರು ವಾರಗಳ ನಂತರ:

ಎಲ್ಲರಿಗೂ ವಂದನೆಗಳು. ಉಡುಪಿಯವರು ಹೇಳಿದಂತೆಯೇ ಕೇಳಿದೆ. ಉತ್ತರ ತಕ್ಷಣ ಬಂತು: ‘ಬಂಗಾರದ ಮನುಷ್ಯ’. ತಿಪಟೂರಿನ ಮೇಷ್ಟ್ರ ಎಚ್ಚರಿಕೆ ನೆನಪಾಗಿ ಬೇರೆಯದು ಹಾಕಲೇ ಎಂದೆ, ಅಪ್ಪ ಒಪ್ಪಲಿಲ್ಲ. ಮದುವೆಯ ಹೊಸತರಲ್ಲಿ ಇಬ್ಬರೂ ಟೆಂಟಿಗೆ ಹೋಗಿದ್ದರಂತೆ, ಮಳೆ ಬಂದು ಆಟ ಅರ್ಧಕ್ಕೇ ನಿಂತಿತಂತೆ. ಕೆಸರಿನಲ್ಲಿ ಮನೆಗೆ ನಡೆದು ಬರುವ ದಾರಿಯುದ್ದಕ್ಕೂ ಅಮ್ಮ ಉಳಿದ ಕಥೆಯನ್ನು ತಾವೇ ಕಟ್ಟಿ ಹೇಳಿದರಂತೆ. ಮುಂದೆ ಟಿವಿಯಲ್ಲಿ ಎಷ್ಟು ಸಲ ಬಂದರೂ, ಹೋರಿಯ ದೃಶ್ಯ ಹತ್ತಿರವಾಗುತ್ತಿದ್ದಂತೆ ಅಮ್ಮ ಎದ್ದು ಟಿವಿ ಆರಿಸುತ್ತಿದ್ದುದು ನನಗೂ ನೆನಪಿದೆ. ಒಲೆಯ ಮೇಲೆ ಸಾರಿದೆ ಎಂಬುದು ಅವರ ನೆಪ.

ಕಳೆದ ಭಾನುವಾರ ಆ ದೃಶ್ಯ ಬರುವ ಹೊತ್ತಿಗೆ ಅಪ್ಪ ನನ್ನ ಕೈಯಿಂದ ರಿಮೋಟ್ ತೆಗೆದುಕೊಂಡು ಟಿವಿ ಆರಿಸಿದರು. ಆಮೇಲೆ ಅಮ್ಮ ಕಟ್ಟಿದ್ದ ಕಥೆಯನ್ನು ಹೇಳತೊಡಗಿದರು. ಅದರಲ್ಲಿ ಲಕ್ಷ್ಮಿಗೆ ಮೂವರು ಮಕ್ಕಳು, ಹೋರಿಯನ್ನು ಸಂತೆಯಲ್ಲಿ ಮಾರಿಬಿಡುತ್ತಾರೆ, ಅಕ್ಕನ ಮಗ ಬಂದು ಕ್ಷಮೆ ಕೇಳುತ್ತಾನೆ. ಮಧ್ಯೆ ಎರಡು ಸಲ ಕಾಫಿ ಮಾಡಿಕೊಂಡು ಬಂದೆ. ಕಥೆ ಮುಗಿಯುವಾಗ ರಾತ್ರಿ ಎಂಟೂವರೆಯಾಗಿತ್ತು.