ಗಾಲ್‌ಬ್ಲಾಡರ್ ತೆಗೆಸಿದ ಮೇಲೆ ಭೇದಿ ನಿಲ್ತಿಲ್ಲ, ಬ್ಯಾಕ್ಟೀರಿಯಾ ಕ್ಯಾಪ್ಸೂಲ್ ಕೊಡಬಹುದಾ?

ಪ್ರಶ್ನೆ (ಮಂಡ್ಯ): ನಮಸ್ಕಾರ ಡಾಕ್ಟ್ರೇ. ಅಮ್ಮನಿಗೆ 58 ವರ್ಷ. ಕಲ್ಲಾಗಿತ್ತು ಅಂತ ಗಾಲ್‌ಬ್ಲಾಡರ್ ತೆಗೆಸಿ ನಾಲ್ಕು ತಿಂಗಳಾಯ್ತು. ಆವಾಗಿಂದ ತಿಂಡಿ ತಿಂದ ತಕ್ಷಣ ಓಡಬೇಕು. ಒಂದು ಮದ್ದೂರು ವಡೆ ತಿಂದರೂ ಸಾಕು, ಹಳದಿ ನೀರಿನ ಹಾಗೆ ಹೋಗುತ್ತದೆ, ಉರಿ ಬೇರೆ. ಮೆಡಿಕಲ್‌ನಲ್ಲಿ ಕೇಳಿ ಎರಡು ಸಲ ಆಂಟಿಬಯೋಟಿಕ್ ಕೋರ್ಸ್ ಮಾಡಿಸಿದೆವು, ನಿಲ್ಲಲಿಲ್ಲ. ಒಳ್ಳೇ ಬ್ಯಾಕ್ಟೀರಿಯಾದ ಕ್ಯಾಪ್ಸೂಲ್ ಕೊಡಿ ಅಂತಾರೆ ಪಕ್ಕದ ಮನೆಯವರು.

ಉತ್ತರ (ಹೊಟ್ಟೆ-ಕರುಳಿನ ವೈದ್ಯರು, ಮೈಸೂರು): ದಯವಿಟ್ಟು ಮೂರನೇ ಕೋರ್ಸ್ ಶುರು ಮಾಡಬೇಡಿ. ನೀವು ಹೇಳಿದ್ದು ನೋಡಿದರೆ ಪಿತ್ತಾಮ್ಲದ ಭೇದಿ ಇರಬಹುದು ಅನ್ನಿಸುತ್ತದೆ.

ಜಿಡ್ಡು ಅರಗಲು ಲಿವರ್ ಕೊಲೆಸ್ಟ್ರಾಲ್‌ನಿಂದ ಪಿತ್ತಾಮ್ಲ ಮಾಡುತ್ತದೆ. ಕೆಲಸ ಮುಗಿದ ಮೇಲೆ ಅದರಲ್ಲಿ ಸುಮಾರು ಶೇ. 95ರಷ್ಟನ್ನು ಸಣ್ಣ ಕರುಳಿನ ಕೊನೆಯ ಭಾಗ ಹೀರಿಕೊಂಡು ಲಿವರ್‌ಗೆ ವಾಪಸ್ ಕಳಿಸುತ್ತದೆ. ಗಾಲ್‌ಬ್ಲಾಡರ್ ಇಲ್ಲದಿದ್ದರೆ ಪಿತ್ತ ಕೂಡಿಡಲು ಜಾಗವಿಲ್ಲ, ಸದಾ ತೊಟ್ಟಿಕ್ಕುತ್ತಿರುತ್ತದೆ. ಕೆಲವರಲ್ಲಿ ದೊಡ್ಡ ಕರುಳಿಗೆ ಜಾಸ್ತಿ ಇಳಿದು ನೀರು ಬಿಡಿಸುತ್ತದೆ.

ಬ್ಯಾಕ್ಟೀರಿಯಾ ಬರುವುದು ಇಲ್ಲೇ. ದೊಡ್ಡ ಕರುಳಿಗೆ ಬಂದ ಕೋಲಿಕ್ ಆಮ್ಲ ಅನ್ನೋ ಪಿತ್ತಾಮ್ಲವನ್ನು ಕೆಲವು ಬ್ಯಾಕ್ಟೀರಿಯಾಗಳು ಡಿಆಕ್ಸಿಕೋಲಿಕ್ ಆಮ್ಲವಾಗಿ ಬದಲಿಸುತ್ತವೆ. ಅದು ತೀರಾ ಜಾಸ್ತಿಯಾದರೂ ಕರುಳಿಗೆ ಒಳ್ಳೆಯದಲ್ಲ. ಆದರೆ ಸಿ. ಡಿಫಿಸಿಲ್ ಅನ್ನೋ, ಭೇದಿ ತರುವ ರೋಗಾಣು ಬೆಳೆಯದಂತೆ ತಡೆಯುವುದೂ ಅದೇ. ಆಂಟಿಬಯೋಟಿಕ್ ಹಾಕಿ ಆ ಬ್ಯಾಕ್ಟೀರಿಯಾಗಳನ್ನು ಕೊಂದರೆ, ಬದಲಾಗದೆ ಉಳಿದ ಪಿತ್ತಾಮ್ಲವೇ ಆ ರೋಗಾಣುವಿನ ಬೀಜಾಣು ಮೊಳೆಯಲು ದಾರಿ ಮಾಡಿಕೊಡುತ್ತದೆ. ಎರಡು ಕೋರ್ಸ್ ಆಗಿರುವುದರಿಂದ ಸಿ. ಡಿಫಿಸಿಲ್‌ಗೆ ಮಲ ಪರೀಕ್ಷೆ ಮಾಡಿಸಿಬಿಡಿ.

ಕ್ಯಾಪ್ಸೂಲ್? ನನ್ನ ಕೇಳಿದರೆ ಸುಮ್ನೆ ದುಡ್ಡು ದಂಡ. ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ಲ್ಯಾಕ್ಟೋಬ್ಯಾಸಿಲಸ್ ತರಹದವು. ಪಿತ್ತಾಮ್ಲವನ್ನು ಬದಲಿಸುವ ಕ್ಲಾಸ್ಟ್ರಿಡಿಯಂ ಸಿಂಡೆನ್ಸ್‌ನಂಥ ಬ್ಯಾಕ್ಟೀರಿಯಾಗಳು ಅದರಲ್ಲಿ ಇರುವುದಿಲ್ಲ. ಪರೀಕ್ಷೆಯಲ್ಲಿ ಏನೂ ಸಿಗದಿದ್ದರೆ ಪಿತ್ತಾಮ್ಲವನ್ನು ಹಿಡಿದಿಡುವ ಕೊಲೆಸ್ಟೈರಮಿನ್ ಪುಡಿ ಇದೆ, ನಿಮ್ಮ ಡಾಕ್ಟರ್ ಹತ್ತಿರ ಕೇಳಿ.

ಪ್ರಶ್ನೆ (ಅವರೇ): ಸಾರ್, ಅಮ್ಮ ಥೈರಾಯ್ಡ್ ಮಾತ್ರೆ, ಶುಗರ್‌ಗೆ ಮೆಟ್‌ಫಾರ್ಮಿನ್ ತಗೊಳ್ತಾರೆ. ಪರವಾಗಿಲ್ವಾ?

ಉತ್ತರ: ಇದನ್ನಲ್ವಾ ಮೊದಲು ಹೇಳಬೇಕಾದ್ದು! ಮೆಟ್‌ಫಾರ್ಮಿನ್ ಒಂದರಿಂದಲೇ ಭೇದಿಯಾಗಬಹುದು. ನೀವಾಗೇ ನಿಲ್ಲಿಸಬೇಡಿ, ಬರೆದುಕೊಟ್ಟವರನ್ನು ಕೇಳಿ. ಇನ್ನು ಆ ಪುಡಿ ಥೈರಾಯ್ಡ್ ಮಾತ್ರೆಯನ್ನೂ ಹಿಡಿದುಬಿಡುತ್ತದೆ. ಮಾತ್ರೆ ನುಂಗಿ ಕನಿಷ್ಠ ನಾಲ್ಕು ಗಂಟೆ ಆದ ಮೇಲೆ ಪುಡಿ. ಮಲದಲ್ಲಿ ರಕ್ತ, ಜ್ವರ, ತೂಕ ಇಳಿಯುವುದು, ರಾತ್ರಿ ಎಬ್ಬಿಸುವ ಭೇದಿ, ಇವುಗಳಲ್ಲಿ ಒಂದಿದ್ದರೂ ಕಾಯಬೇಡಿ, ತೋರಿಸಿ.

ಇನ್ನೊಬ್ಬರು (ಶ್ರೀರಂಗಪಟ್ಟಣ): ನಮ್ಮತ್ತೆಗೂ ಹೀಗೇ. ಮುದ್ದೆ ಬಿಡಿಸಬೇಕಾ?

ಉತ್ತರ: ಯಾಕೆ ಬಿಡಿಸ್ತೀರಾ? ಮುದ್ದೆ, ಬಸ್ಸಾರು ಚೆನ್ನಾಗಿ ತಿನ್ನಲಿ. ಒಗ್ಗರಣೆ ಎಣ್ಣೆಗೆ ಮಾತ್ರ ಕೈ ಬಿಗಿ ಹಿಡಿಯಿರಿ. ಒಂದೇ ಸಲ ಹೊಟ್ಟೆ ತುಂಬ ತಿನ್ನುವ ಬದಲು ಸ್ವಲ್ಪ ಸ್ವಲ್ಪ ಮೂರ್ನಾಲ್ಕು ಸಲ. ವಡೆ, ಬೋಂಡ ಸದ್ಯಕ್ಕೆ ಬೇಡ.