ಕೋವಿಗೆ ಕಪ್ಪು ಮದ್ದು (ಬ್ಲ್ಯಾಕ್ ಪೌಡರ್) ಹಾಕಿದರೆ ಮೂರನೇ ಸ್ಟೇಜಿಗೆ ರಿವಾಲ್ವರ್ ಸಿಲಿಂಡರ್ ಕಚ್ಚಿಕೊಳ್ಳುತ್ತಿದೆ, ರೈಫಲ್ ಲಿವರ್ ಗಡುಸಾಗುತ್ತಿದೆ

ಆಗುಂಬೆ ರೈಡರ್ (ಫೀನಿಕ್ಸ್, ಅರಿಜೋನಾ)

ಹಳೆಯ ಕಾಲದ ಮಾದರಿಯ ಕೋವಿಗಳಿಂದ, ಸ್ಟೇಜ್ ಎಂಬ ಸುತ್ತುಗಳಲ್ಲಿ ಗುರಿ ಹೊಡೆಯುವ ಕೌಬಾಯ್ ಆಕ್ಷನ್ ಶೂಟಿಂಗ್‌ನಲ್ಲಿ ಹೊಗೆರಹಿತ ಮದ್ದು ಬಿಟ್ಟು ಕಪ್ಪು ಮದ್ದಿನ ಫ್ರಾಂಟಿಯರ್ ಕಾರ್ಟ್ರಿಜ್ ವಿಭಾಗಕ್ಕೆ ಬದಲಾಯಿಸುತ್ತಿದ್ದೇನೆ. ರಿವಾಲ್ವರ್ ಎರಡೂ ಹಳೆಯ ಮಾದರಿಗಳ ನಕಲು ಮಾಡುವ ಉಬರ್ಟಿ ಕಂಪನಿಯ 1873 ಕ್ಯಾಟಲ್‌ಮನ್, ರೈಫಲ್ ಉಬರ್ಟಿಯದೇ 1873, ಮೂರಕ್ಕೂ .45 ಕೋಲ್ಟ್ ತೋಟಾ. ಶಾಟ್‌ಗನ್ ಎಜೆಕ್ಟರ್ (ಖಾಲಿ ತೋಟಾವನ್ನು ಹೊರದೂಡುವ ಭಾಗ) ಇಲ್ಲದ ಜೋಡುನಳಿಗೆ. ಮದ್ದು ಅಸಲಿ ಕಪ್ಪು ಮದ್ದೇ, 2ಎಫ್ ಎಂಬ ಗಾತ್ರದ ಕಾಳು. ಗುಂಡು ಅಂಗಡಿಯಿಂದ ತಂದ 200 ಗ್ರೇನ್ (ತೂಕದ ಸಣ್ಣ ಮಾನ) ಗಟ್ಟಿ ಸೀಸದ್ದು, ಗುಂಡಿನ ಸುತ್ತಲಿನ ತೋಡಿನಲ್ಲಿ ನೀಲಿ ಬಣ್ಣದ ಗಟ್ಟಿ ಲ್ಯೂಬ್ (ಜಾರುಜಿಡ್ಡು) ಇದೆ. ಒಳಗೆಲ್ಲ ಮಾಮೂಲಿ ಗನ್ ಆಯಿಲ್.

ತೊಂದರೆ ಹೀಗಿದೆ. ಹತ್ತು ಗುಂಡಿನ ನಂತರ ಸಿಲಿಂಡರ್ ಭಾರವಾಗುತ್ತದೆ, ಮೂರನೇ ಸ್ಟೇಜಿಗೆ ಒಂದೇ ಹೆಬ್ಬೆರಳಲ್ಲಿ ಕುದುರೆ (ಹ್ಯಾಮರ್) ಎತ್ತಲು ಆಗುವುದಿಲ್ಲ. ರೈಫಲ್‌ನ ಹಿತ್ತಾಳೆ ಲಿಫ್ಟರ್ (ತೋಟಾವನ್ನು ಮೇಲಕ್ಕೆತ್ತುವ ಭಾಗ) ಮಸಿ ಹಿಡಿದು ನಿಧಾನವಾಗುತ್ತದೆ, ಹೊರಬಿದ್ದ ಕೇಸುಗಳ (ತೋಟಾದ ಹಿತ್ತಾಳೆ ಕವಚ) ಒಂದು ಪಕ್ಕ ಪೂರ್ತಿ ಕಪ್ಪು. ಶಾಟ್‌ಗನ್ ನಳಿಗೆಯಿಂದ ಹಾವಿನ ಪೊರೆಯ ಹಾಗೆ ಪ್ಲಾಸ್ಟಿಕ್ ಎದ್ದು ಬರುತ್ತದೆ. ಹಿನ್ನೊದೆತ ಕಡಿಮೆ ಮಾಡಲು ಮದ್ದು ಕಡಿಮೆ ಹಾಕಬಹುದೇ ಎಂಬುದೂ ಪ್ರಶ್ನೆ.

---

ಕಪ್ಪುಹೊಗೆ

ಮೊದಲ ಅಪರಾಧಿ ಆ ನೀಲಿ ಲ್ಯೂಬ್, ಎರಡನೆಯದು ಗನ್ ಆಯಿಲ್. ಮದ್ದಿನ ತಪ್ಪಿಲ್ಲ.

ಕಪ್ಪು ಮದ್ದು ಎಂದರೆ ನೂರಕ್ಕೆ 75 ಪೆಟ್ಲುಪ್ಪು, 15 ಇದ್ದಿಲು, 10 ಗಂಧಕ. ಉರಿದ ಮೇಲೆ ಅದರ ತೂಕದ ಅರ್ಧಕ್ಕಿಂತ ಹೆಚ್ಚು ಭಾಗ ಅನಿಲವಾಗುವುದೇ ಇಲ್ಲ, ಘನವಾಗಿಯೇ ಉಳಿಯುತ್ತದೆ. ಅದರಲ್ಲಿ ಬಹುಪಾಲು ಪೊಟ್ಯಾಸಿಯಂ ಲವಣಗಳು. ಈ ಮಸಿಯನ್ನು ಮೆತ್ತಗೆ ಇಟ್ಟುಕೊಂಡರೆ ಮುಂದಿನ ಗುಂಡು ಅದನ್ನು ಒರೆಸಿಕೊಂಡು ಹೋಗುತ್ತದೆ. ಒಣಗಲು ಬಿಟ್ಟರೆ ಗಾರೆಯಂತೆ ಕೂರುತ್ತದೆ. ಅರಿಜೋನಾದ ಒಣಗಾಳಿಯಲ್ಲಿ ಅದು ನಿಮಿಷಗಳ ಕೆಲಸ. ಮಸಿಯನ್ನು ಮೆತ್ತಗಿಡುವುದು ಗುಂಡಿನ ತೋಡಿನಲ್ಲಿರುವ ಮೃದು ಲ್ಯೂಬ್. ನೀಲಿ ಲ್ಯೂಬ್ ಹೊಗೆರಹಿತ ಮದ್ದಿಗಾಗಿ ಮಾಡಿದ್ದು, ಪೆಟ್ಟಿಗೆಯಲ್ಲಿ ಉದುರದಿರಲಿ ಎಂದೇ ಗಟ್ಟಿ ಮಾಡಿರುತ್ತಾರೆ. ಪೆಟ್ರೋಲಿಯಂ ಎಣ್ಣೆಯಂತೂ ಈ ಮಸಿಯ ಜೊತೆ ಕಲೆತು ಟಾರಿನಂತಾಗುತ್ತದೆ.

ಆದ್ದರಿಂದ ಮೊದಲು ಎಲ್ಲ ಕೋವಿಗಳಿಂದ ಹಳೆಯ ಎಣ್ಣೆಯನ್ನು ಡಿಗ್ರೀಸರ್ ಹಾಕಿ ಪೂರ್ತಿ ತೆಗೆಯಿರಿ. ಗುಂಡಿನ ಲ್ಯೂಬಿಗೆ ಜೇನುಮೇಣ ಒಂದು ಪಾಲು, ಉಪ್ಪು ಹಾಕದ ಕುರಿಕೊಬ್ಬು ಒಂದು ಪಾಲು. ಒಂದು ಪಾತ್ರೆಯ ಕುದಿನೀರಿನೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ, ನೇರ ಉರಿಯ ಮೇಲೆ ಬೇಡ. ಬೇಸಿಗೆಯಲ್ಲಿ ಮೇಣದ ಪಾಲು ಸ್ವಲ್ಪ ಹೆಚ್ಚಿಸಿ. ಇಲ್ಲವಾದರೆ ಕಾರಿನೊಳಗೆ ಲ್ಯೂಬ್ ಕರಗಿ ಮದ್ದಿಗೆ ಇಳಿಯುತ್ತದೆ. ಕೊಬ್ಬು ಒಗ್ಗದವರು ಅದರ ಜಾಗದಲ್ಲಿ ಆಲಿವ್ ಎಣ್ಣೆ ಹಾಕಬಹುದು. ಗುಂಡಿನಲ್ಲಿ ತೋಡು ಅಗಲವಾಗಿ, ಆಳವಾಗಿ ಇರಬೇಕು. ಕಪ್ಪು ಮದ್ದಿಗೆಂದೇ ದೊಡ್ಡ ತೋಡಿನ ಅಚ್ಚುಗಳು ಸಿಗುತ್ತವೆ. ಸೀಸವೂ ಮೆತ್ತಗಿನದೇ ಇರಲಿ.

ಲ್ಯೂಬ್ ಸಾಲುತ್ತಿದೆಯೇ ಎಂದು ನೋಡಲು ನಳಿಗೆಯ ಬಾಯಿಯೇ ಸಾಕು. ಕೋವಿ ಖಾಲಿ ಮಾಡಿ, ತಪಾಸಣೆ ಮುಗಿದ ಮೇಲೆ ಬಾಯಿಯ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಸುರುಳಿ ಗೀರುಗಳ ತುದಿಯಲ್ಲಿ ನಕ್ಷತ್ರದ ಆಕಾರದ ಒದ್ದೆ ಜಿಡ್ಡಿದ್ದರೆ ಲ್ಯೂಬ್ ಕೊನೆಯವರೆಗೂ ಬಂದಿದೆ ಎಂದರ್ಥ. ಬೂದು ಬಣ್ಣದ ಒಣ ಪುಡಿ ಇದ್ದರೆ ದಾರಿಯಲ್ಲೇ ಮುಗಿದಿದೆ. ರಿವಾಲ್ವರ್‌ನಲ್ಲಿ ನಕ್ಷತ್ರ ಕಂಡರೂ 20 ಇಂಚಿನ ರೈಫಲ್ ನಳಿಗೆಯಲ್ಲಿ ಕಾಣಲಿಕ್ಕಿಲ್ಲ, ಅದಕ್ಕೆ ರೈಫಲನ್ನು ಬೇರೆಯಾಗಿಯೇ ನೋಡಿ.

ಇನ್ನು ಸಿಲಿಂಡರ್. ಕಚ್ಚುವ ಜಾಗ ಎರಡು: ಬೇಸ್ ಪಿನ್ (ಸಿಲಿಂಡರ್ ತಿರುಗುವ ಅಚ್ಚಿನ ಕಡ್ಡಿ), ಇಲ್ಲವೇ ಸಿಲಿಂಡರಿನ ಮುಂಮುಖ ಮತ್ತು ನಳಿಗೆಯ ಹಿಂತುದಿಯ ನಡುವಿನ ಸಂದು. ಬಿಗಿಯಾದ ಕೂಡಲೇ ತೊಳೆದುಬಿಡಬೇಡಿ, ಬಿಚ್ಚಿ ನೋಡಿ. ಮುಂಮುಖದ ಮೇಲೆ ಹೊಳೆಯುವ ಉಜ್ಜಿದ ಉಂಗುರ ಇದ್ದರೆ ಸಂದಿನಲ್ಲಿ ಕಚ್ಚುತ್ತಿದೆ. ಮುಖದ ಮಸಿ ಹಾಗೇ ಇದ್ದು ಪಿನ್ ಮೇಲೆ ಕಪ್ಪು ಪಟ್ಟೆ ಇದ್ದರೆ ಪಿನ್‌ನಲ್ಲಿ. ಸಂದನ್ನು ಫೀಲರ್ ಗೇಜಿನಲ್ಲಿ (ಸಂದು ಅಳೆಯುವ ತೆಳು ಪಟ್ಟಿ) ಅಳೆಯಿರಿ: 0.006ರಿಂದ 0.008 ಇಂಚು ಕಪ್ಪು ಮದ್ದಿಗೆ ಹಿತ. 0.002, 0.003 ಇದ್ದರೆ ಹೊಗೆರಹಿತ ಮದ್ದಿನಲ್ಲಿ ಚಿನ್ನ, ಇಲ್ಲಿ ಕಷ್ಟ.

ಸ್ಟೇಜ್‌ಗಳ ನಡುವೆ: ಒಂದು ಪಾಲು ಬಲಿಸ್ಟಾಲ್ (ನೀರಿನಲ್ಲಿ ಬೆರೆಯುವ ಕೋವಿ ಎಣ್ಣೆ), ಹತ್ತು ಪಾಲು ನೀರು ಕಲಸಿ ಸಣ್ಣ ಸ್ಪ್ರೇ ಬಾಟಲಿಯಲ್ಲಿಡಿ, ಹಾಲಿನಂತೆ ಬೆಳ್ಳಗಾಗುತ್ತದೆ. ಅನ್‌ಲೋಡಿಂಗ್ ಟೇಬಲ್‌ನಲ್ಲಿ ಕೋವಿ ಖಾಲಿ ಎಂದು ಇನ್ನೊಬ್ಬರು ನೋಡಿ ಹೇಳಿದ ಮೇಲೆ, ಕ್ಲಬ್ ಗೊತ್ತುಮಾಡಿದ ಜಾಗದಲ್ಲಿ ಮಾತ್ರ, ಸಿಲಿಂಡರಿನ ಮುಂದೆ ಒಂದೆರಡು ಹನಿ ಬಿಟ್ಟು ಬೆರಳಲ್ಲಿ ನಾಲ್ಕು ಸುತ್ತು ತಿರುಗಿಸಿ. ಮುಖವನ್ನು ಬಟ್ಟೆಯಲ್ಲಿ ಒರೆಸಿ. ಚೇಂಬರಿನೊಳಗೆ (ತೋಟಾ ಕೂರುವ ಮನೆ) ನೀರು ನಿಲ್ಲಬಾರದು.

---

ನಳಿಗೆಮಸಿ

ಮೇಲಿನದಕ್ಕೆ ಒಂದು ಸೇರಿಸುತ್ತೇನೆ. ಉಬರ್ಟಿಯ ಕೆಲವು ಬೇಸ್ ಪಿನ್‌ಗಳಲ್ಲಿ ಎರಡು ತೋಡುಗಳಿರುತ್ತವೆ. ಪಿನ್ನನ್ನು ಎರಡನೆಯದರ ತನಕ ಒತ್ತಿದರೆ ಅದರ ಹಿಂತುದಿ ಕುದುರೆಯನ್ನು ತಡೆಯುತ್ತದೆ, ಅದು ಸುರಕ್ಷತೆಗೆ ಮಾಡಿದ ವ್ಯವಸ್ಥೆ. ತೊಳೆದು ಜೋಡಿಸುವಾಗ ಅವಸರದಲ್ಲಿ ಪೂರ್ತಿ ಒತ್ತಿಬಿಟ್ಟರೆ ಸ್ಟೇಜಿನಲ್ಲಿ ಕೇಪಿಗೆ (ತೋಟಾದ ಬುಡದಲ್ಲಿ ಮದ್ದು ಹೊತ್ತಿಸುವ ಭಾಗ) ಪೆಟ್ಟೇ ಬೀಳುವುದಿಲ್ಲ. ಮೊದಲ ತೋಡಿನಲ್ಲಿ ಕ್ಲಿಕ್ ಎಂದಿತೇ ನೋಡಿಕೊಳ್ಳಿ.

ರೈಫಲ್ ವಿಷಯ ಬೇರೆ. ಕೇಸಿನ ಒಂದು ಪಕ್ಕ ಕಪ್ಪಾಗಿದೆ ಎಂದರೆ ಕೇಸಿನ ಬಾಯಿ ಹಿಗ್ಗಿ ಚೇಂಬರನ್ನು ಮುಚ್ಚುತ್ತಿಲ್ಲ, ಬಿಸಿ ಅನಿಲ ಪಕ್ಕದಿಂದ ಹಿಂದಕ್ಕೆ ನುಗ್ಗಿ ಲಿಫ್ಟರ್ ಮೇಲೆ ಮಸಿ ಸುರಿಯುತ್ತಿದೆ. .45 ಕೋಲ್ಟ್ ಕೇಸಿನ ಬಾಯಿಯ ದಪ್ಪ ಸುಮಾರು 0.012 ಇಂಚು, .44-40ರದ್ದು ಸುಮಾರು 0.007. ತೆಳುವಾದದ್ದು ಸಣ್ಣ ಒತ್ತಡಕ್ಕೇ ಹಿಗ್ಗಿ ಮುಚ್ಚಿಕೊಳ್ಳುತ್ತದೆ. ವಿಂಚೆಸ್ಟರ್ 1873 ಹುಟ್ಟಿದ್ದೇ .44-40ಗೆ, ಆಮೇಲೆ .38-40, .32-20 ಬಂದವು. ಆ ಕಾಲದ 1873 ರೈಫಲ್ ಯಾವುದೂ .45 ಕೋಲ್ಟ್‌ಗೆ ಬರಲಿಲ್ಲ, ಅದು ಈಗಿನ ನಕಲುಗಳ ಕೊಡುಗೆ. .44-40 ಹಾಕುವವರ ರೈಫಲ್ ಇಡೀ ಮ್ಯಾಚ್ ಮುಗಿದರೂ ಒಳಗೆ ಸ್ವಚ್ಛವಾಗಿರುವುದು ಇದೇ ಕಾರಣಕ್ಕೆ.

ಹಾಗೆಂದು ರೈಫಲ್ ಮಾರಬೇಕಿಲ್ಲ. ಮೂರು ದಾರಿಗಳಿವೆ. 200 ಗ್ರೇನ್ ಬಿಟ್ಟು 250 ಗ್ರೇನ್ ಗುಂಡು ಹಾಕಿ. ಭಾರದ ಗುಂಡು ಸ್ವಲ್ಪ ತಡೆದು ನಿಲ್ಲುವುದರಿಂದ ಒತ್ತಡ ಏರಿ ಕೇಸು ಮುಚ್ಚಿಕೊಳ್ಳುತ್ತದೆ. ಕ್ರಿಂಪ್ (ಕೇಸಿನ ಬಾಯಿಯನ್ನು ಗುಂಡಿನ ಮೇಲೆ ಬಿಗಿಯುವುದು) ಗಟ್ಟಿಯಾಗಿ ಕೊಡಿ. ಕೇಸಿನ ಬಾಯಿಯನ್ನು ಹದಗೊಳಿಸಿ: ಕೇಪು ತೆಗೆದ ಖಾಲಿ ಕೇಸುಗಳನ್ನು ತಟ್ಟೆಯಲ್ಲಿ ಅರ್ಧ ಎತ್ತರದ ನೀರಿನಲ್ಲಿ ನಿಲ್ಲಿಸಿ, ಮಬ್ಬುಬೆಳಕಿನಲ್ಲಿ ಟಾರ್ಚಿನ ಜ್ವಾಲೆಯನ್ನು ಬಾಯಿಗೆ ತೋರಿಸಿ, ಹಿತ್ತಾಳೆಯ ಬಣ್ಣ ತಿರುಗಿದ ಕ್ಷಣ ಕೇಸನ್ನು ನೀರಿಗೆ ಉರುಳಿಸಿ. ಕೆಂಪಗೆ ಕಾಯಿಸಿದರೆ ಬಾಯಿ ಸತ್ತುಹೋಗುತ್ತದೆ. ಬುಡಕ್ಕೆ ಶಾಖ ಹೋಗಲೇಬಾರದು, ಒತ್ತಡವನ್ನೆಲ್ಲ ತಾಳಿಕೊಳ್ಳುವುದು ಬುಡ.

ಎಷ್ಟೇ ಕಪ್ಪಾದರೂ ಲಿಫ್ಟರಿಗೆ ದಪ್ಪ ಗ್ರೀಸ್ ಹಚ್ಚಬೇಡಿ, ಮಸಿಯನ್ನೆಲ್ಲ ಹಿಡಿದುಕೊಳ್ಳುತ್ತದೆ. ಲಿವರ್ ತೆರೆದು ಲಿಫ್ಟರ್ ಮೇಲೆ ಬಂದಾಗ ಎರಡು ಪಕ್ಕಕ್ಕೂ ಆ ಹಾಲುನೀರು ಸ್ಪ್ರೇ ಮಾಡಿ ಹತ್ತಾರು ಸಲ ಆಡಿಸಿ, ಒರೆಸಿದರೆ ಸಾಕು. ಬೋಲ್ಟ್ (ಚೇಂಬರನ್ನು ಹಿಂದಿನಿಂದ ಮುಚ್ಚುವ ಭಾಗ) ತೆರೆದಿದ್ದಾಗ ಫೈರಿಂಗ್ ಪಿನ್ನಿನ ಮೊನೆ ಬೋಲ್ಟ್ ಮುಖದಿಂದ ಹೊರಗೆ ಚಾಚಿದೆಯೇ ಎಂದು ಪ್ರತಿ ಸಲವೂ ನೋಡಿ. ಮಸಿಯಿಂದ ಪಿನ್ ಮುಂದೆಯೇ ಸಿಕ್ಕಿಕೊಂಡಿದ್ದರೆ, ಬೋಲ್ಟ್ ಪೂರ್ತಿ ಮುಚ್ಚುವ ಮೊದಲೇ ತೋಟಾ ಸಿಡಿಯಬಹುದು. 1873ರಲ್ಲಿ ಟಾಗಲ್ ಲಿಂಕ್ ಎಂಬ ಮಡಚುವ ಕೊಂಡಿಗಳು ನೇರವಾಗುವ ತನಕ ಆ ಬೋಲ್ಟಿಗೆ ಬೀಗವೇ ಇರುವುದಿಲ್ಲ. ಇಡೀ ರೈಫಲಿನಲ್ಲಿ ಎಲ್ಲಕ್ಕಿಂತ ಗಂಭೀರವಾದ ತಪಾಸಣೆ ಇದೇ.

ತೋಟಾ ತುಂಬುವಾಗ ಪ್ರತಿಯೊಂದರ ಕೇಪಿನ ಮೇಲೂ ಬೆರಳು ಆಡಿಸಿ, ಕೇಪು ಬುಡದ ಮಟ್ಟಕ್ಕಿಂತ ಕೂದಲೆಳೆಯಷ್ಟು ಒಳಗಿರಬೇಕು. ಟ್ಯೂಬ್ ಮ್ಯಾಗಜೀನ್‌ನಲ್ಲಿ ಒಂದರ ಮೂಗು ಇನ್ನೊಂದರ ಕೇಪಿಗೆ ತಾಗಿಯೇ ಕೂರುತ್ತದೆ. ಅದಕ್ಕೇ ಚಪ್ಪಟೆ ಮೂಗಿನ ಗುಂಡು, ಚೂಪು ಮೂಗಿನದು ಬೇಡವೇ ಬೇಡ.

---

ತೋಟಾಚೀಲ

ಇಷ್ಟೆಲ್ಲ ಯಾಕೆ, ಕಪ್ಪು ಮದ್ದಿನ ಬದಲಿಗಳಾದ ಪೈರೋಡೆಕ್ಸ್ ಅಥವಾ ಟ್ರಿಪಲ್ ಸೆವೆನ್ ಹಾಕಿದರೆ ವಿಭಾಗದ ನಿಯಮಕ್ಕೂ ಸರಿ, ಮಸಿಯೂ ಕಡಿಮೆ. ಹಿನ್ನೊದೆತಕ್ಕೆ ಮದ್ದು ಅರ್ಧ ಹಾಕಿ.

---

ಕಪ್ಪುಹೊಗೆ

ಅರ್ಧ ಹಾಕಿ ಎಂಬ ಮಾತನ್ನು ದಯವಿಟ್ಟು ಯಾರೂ ಪಾಲಿಸಬೇಡಿ. ಕಪ್ಪು ಮದ್ದಿಗೂ ಗುಂಡಿನ ಬುಡಕ್ಕೂ ನಡುವೆ ಗಾಳಿಯ ಜಾಗ ಇರಲೇಬಾರದು, ಜಾಗ ಬಿಟ್ಟರೆ ನಳಿಗೆ ಉಬ್ಬುವ ಅಪಾಯವಿದೆ. ಗುಂಡು ಕೂತಾಗ ಮದ್ದು 1/16ರಿಂದ 1/8 ಇಂಚು ಅಮುಕಿರಬೇಕು, ಆಗಲೇ ಅದು ಸಮವಾಗಿ ಉರಿಯುವುದೂ.

ಕಡಿಮೆ ಮಾಡಲು ಸರಿಯಾದ ಕ್ರಮ ಎರಡು. ಒಂದು, ಗಿಡ್ಡ ಕೇಸು: .45 ಕೋಲ್ಟ್ ಕೇಸು 1.285 ಇಂಚು, .45 ಸ್ಕೋಫೀಲ್ಡ್ 1.10 ಇಂಚು. ರಿವಾಲ್ವರಿಗೆ ಸ್ಕೋಫೀಲ್ಡ್ ಕೇಸು ತುಂಬಿದರೆ ಮದ್ದು ತಾನಾಗಿಯೇ ಇಳಿಯುತ್ತದೆ. ಉದ್ದ ಬದಲಾದರೆ 1873ರ ಲಿಫ್ಟರ್ ಒಪ್ಪದೇ ಇರಬಹುದು, ಆದ್ದರಿಂದ ರೈಫಲಿಗೆ ಪೂರ್ತಿ ಉದ್ದದ ತೋಟಾವನ್ನೇ ಇಟ್ಟುಕೊಳ್ಳಿ. ಎರಡು, ಮದ್ದಿನ ಮೇಲೆ ತುಂಬುಪದಾರ್ಥ. ಇಲ್ಲಿನವರು ಬಳಸುವ ಕ್ರೀಮ್ ಆಫ್ ವೀಟ್ ನಮ್ಮ ಅಡುಗೆಮನೆಯ ರವೆಯೇ. ಮದ್ದು, ಅದರ ಮೇಲೆ ರವೆ, ಮೇಲೆ ಗುಂಡು, ಎಲ್ಲ ಸೇರಿ ಸ್ವಲ್ಪ ಅಮುಕಿರಬೇಕು. ಇದು ನೇರ ಕೇಸಿಗೆ ಮಾತ್ರ, .44-40ರಂತೆ ಕುತ್ತಿಗೆ ಇರುವುದಕ್ಕೆ ಬೇಡ.

ಪೈರೋಡೆಕ್ಸ್‌ನಲ್ಲಿ ಪರ್‌ಕ್ಲೋರೇಟ್ ಇದೆ, ಉರಿದ ಮೇಲೆ ಕ್ಲೋರೈಡ್ ಉಳಿಯುತ್ತದೆ. ಅಂದರೆ ಉಪ್ಪುನೀರಿನ ತುಕ್ಕು. ಅಸಲಿ ಕಪ್ಪು ಮದ್ದಿಗಿಂತ ಅದೇ ನಳಿಗೆಯನ್ನು ಬೇಗ ತಿನ್ನುತ್ತದೆ, ತೊಳೆಯುವ ಕೆಲಸ ತಪ್ಪುವುದಿಲ್ಲ. ಟ್ರಿಪಲ್ ಸೆವೆನ್ ಸುಲಭವಾಗಿ ತೊಳೆದುಹೋಗುತ್ತದೆ ನಿಜ, ಆದರೆ ಅದರ ಬಲ ಹೆಚ್ಚು: ಅಳತೆಯಲ್ಲಿ 15 ಶೇಕಡ ಇಳಿಸಬೇಕು, ಹೆಚ್ಚು ಅಮುಕಬಾರದು. ಕಪ್ಪು ಮದ್ದಿನ ಲೆಕ್ಕವನ್ನು ಅದಕ್ಕೆ ಹಾಗೇ ಹಚ್ಚಿದರೆ ತಪ್ಪಾಗುತ್ತದೆ. ಕಪ್ಪು ಮದ್ದಿನ ಅಳತೆಪಾತ್ರೆಯಲ್ಲಿ ಹೊಗೆರಹಿತ ಮದ್ದನ್ನು ಅಳೆಯುವುದಂತೂ ಕೈ ಕಳೆದುಕೊಳ್ಳುವ ದಾರಿ. ಎರಡೂ ಡಬ್ಬಿ ಒಂದೇ ಮೇಜಿನ ಮೇಲೆ ಇರಬಾರದು.

---

ಗುಡ್ಡದಮನೆ

ಶಾಟ್‌ಗನ್ ಮತ್ತು ತೊಳೆಯುವುದರ ಬಗ್ಗೆ.

ಕಪ್ಪು ಮದ್ದಿನ ಶಾಖಕ್ಕೆ ಪ್ಲಾಸ್ಟಿಕ್ ವಾಡ್ (ಮದ್ದಿಗೂ ಚರೆಗೂ ನಡುವಿನ ಬಿರಡೆ) ಕರಗಿ ನಳಿಗೆಗೆ ಮೆತ್ತಿಕೊಳ್ಳುತ್ತದೆ, ನೀವು ನೋಡುತ್ತಿರುವ ಪೊರೆ ಅದೇ. ಮದ್ದಿನ ಮೇಲೆ ದಪ್ಪ ರಟ್ಟಿನ ಬಿಲ್ಲೆ, ಅದರ ಮೇಲೆ ನಾರಿನ ವಾಡ್ ಹಾಕಿದರೆ ತೊಂದರೆ ಬಹುತೇಕ ಹೋಗುತ್ತದೆ. ಚೇಂಬರ್ ಒಳಗೋಡೆಗೆ ನಯವಾದ ಪಾಲಿಶ್ ಇರಲಿ. ಕೋವಿ ಹಿಂದಕ್ಕೆ ಜಾಡಿಸಿದಾಗ ಎರಡೂ ಖಾಲಿ ತೋಟಾ ತಾವಾಗಿ ಬೀಳಬೇಕು. ಒಂದು ಸಿಕ್ಕಿಕೊಂಡು ಉಗುರಿನಲ್ಲಿ ಎಳೆಯುವ ಹೊತ್ತಿಗೆ ಒಂದು ಗುರಿ ತಪ್ಪಿಸಿಕೊಂಡ ದಂಡದಷ್ಟು, ಅಂದರೆ ಐದು ಸೆಕೆಂಡ್, ಹೋಗಿರುತ್ತದೆ.

ತೊಳೆಯುವುದಕ್ಕೆ ನೀರಿಗಿಂತ ಒಳ್ಳೆಯ ಸಾಲ್ವೆಂಟ್ ಇಲ್ಲ, ಮಸಿ ಎಂದರೆ ಲವಣ ತಾನೇ. ಮಲೆನಾಡಿನಲ್ಲಿ ಕೇಪಿನ ಕೋವಿಗೆ ನೀರು ಹೊಯ್ದು ತೊಳೆಯುವುದನ್ನು ಕಂಡವರಿಗೆ ಇದು ಹೊಸದಲ್ಲ. ಆದರೆ ಕುದಿನೀರು ಬೇಡ. ಕುದಿನೀರು ಜಿಡ್ಡನ್ನೆಲ್ಲ ಎಳೆದುಕೊಂಡು ಹೋಗಿ, ಬರಿಯ ಉಕ್ಕಿನ ಮೇಲೆ ಕಣ್ಣೆದುರೇ ಕಿತ್ತಳೆ ಬಣ್ಣದ ತುಕ್ಕು ಹಾಯಿಸುತ್ತದೆ. ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸೋಪು ಒಂದೆರಡು ಹನಿ ಸಾಕು.

ರಿವಾಲ್ವರ್: ಕುದುರೆಯನ್ನು ಅರ್ಧಕ್ಕೆ ಎಳೆದು ಗೇಟ್ ತೆರೆದು ಆರೂ ಚೇಂಬರ್ ಖಾಲಿ ಎಂದು ನೋಡಿ, ಪಿನ್ ತೆಗೆದು ಸಿಲಿಂಡರ್ ಹೊರಗಿಡಿ. ಸಿಲಿಂಡರಿನ ಬುಶಿಂಗ್ (ಪಿನ್ ಹಾಯುವ ಒಳಕೊಳವೆ) ಕಳಚುವಂತಿದ್ದರೆ ಅದನ್ನೂ ತೆಗೆಯಿರಿ, ಮಸಿ ಅದರ ಒಳಗೇ ಅಡಗಿರುತ್ತದೆ. ನಳಿಗೆಗೆ ನೈಲಾನ್ ಬ್ರಶ್, ಆಮೇಲೆ ಒದ್ದೆ ಬಟ್ಟೆತುಂಡು, ಒಣ ಬಟ್ಟೆತುಂಡು, ಕೊನೆಗೆ ಬಲಿಸ್ಟಾಲ್. ಕುದುರೆ ಓಡಾಡುವ ಸೀಳಿನಿಂದ ಒಳಕ್ಕೆ ನಾಲ್ಕು ಹನಿ ಬಿಡಿ. ಬೋಲ್ಟ್ (ರಿವಾಲ್ವರಿನಲ್ಲಿ ಸಿಲಿಂಡರನ್ನು ತಡೆದು ನಿಲ್ಲಿಸುವ ಕೊಕ್ಕೆ) ಮತ್ತು ಟ್ರಿಗರಿನ ಚಪ್ಪಟೆ ಸ್ಪ್ರಿಂಗ್ ಅಲ್ಲಿದೆ, ಈ ಮಾದರಿಯಲ್ಲಿ ಮುರಿಯುವ ಭಾಗ ಅದೇ. ಪೆಟ್ಟಿಗೆಯಲ್ಲಿ ಒಂದು ಹೆಚ್ಚುವರಿ ಇಟ್ಟುಕೊಳ್ಳಿ. ಬೇಸ್ ಪಿನ್ನಿಗೆ ಮಾತ್ರ ಮೇಣ-ಕೊಬ್ಬಿನ ಲ್ಯೂಬ್ ಧಾರಾಳವಾಗಿ.

ರೈಫಲನ್ನು ಬಾಯಿಯ ಕಡೆಯಿಂದಲೇ ತೊಳೆಯಬೇಕು. ಕೊಳೆನೀರು ಆಕ್ಷನ್ ಒಳಗೆ ಇಳಿಯದಂತೆ ಸಿಡಿಸಿದ ಖಾಲಿ ಕೇಸೊಂದನ್ನು ಚೇಂಬರಿಗೆ ತಳ್ಳಿ ಮುಚ್ಚಿ. ಬ್ರಶ್ ಕೇಸಿನ ತನಕ ಹೋಗಿ ನಿಲ್ಲುತ್ತದೆ, ಕೊಳೆ ಕೇಸಿನೊಳಗೆ ಸೇರುತ್ತದೆ. ಪಕ್ಕದ ಫಲಕಗಳನ್ನು ಪ್ರತಿ ಸಲ ಬಿಚ್ಚಬೇಕಿಲ್ಲ. ಬಿಚ್ಚುವಾಗ ಸ್ಕ್ರೂ ತೆಗೆದು, ಅಂಚಿಗೆ ಸ್ಕ್ರೂಡ್ರೈವರ್ ತೂರಿಸದೆ ಮರದ ಹಿಡಿಯಿಂದ ಮೆಲ್ಲಗೆ ತಟ್ಟಿ, ತಾನೇ ಸಡಿಲವಾಗುತ್ತದೆ.

ಮರುದಿನ ಒಣ ಬಟ್ಟೆತುಂಡೊಂದನ್ನು ನಳಿಗೆಯಲ್ಲಿ ಹಾಯಿಸಿ. ಕಂದು ಬಣ್ಣ ಬಂದರೆ ಮತ್ತೆ ತೊಳೆಯಿರಿ. ಖಾಲಿ ಕೇಸುಗಳನ್ನು ರೇಂಜಿನಲ್ಲೇ ಸೋಪುನೀರಿನ ಡಬ್ಬಿಗೆ ಹಾಕಿ, ಮನೆಗೆ ಬಂದ ಮೇಲೆ ಎಂದುಕೊಂಡರೆ ಹಸಿರು ಕಿಲುಬು ಕಚ್ಚಿರುತ್ತದೆ.

---

ಆಗುಂಬೆ ರೈಡರ್

ಅಳೆದೆ. ಒಂದು ರಿವಾಲ್ವರಿನ ಸಂದು 0.007, ಇನ್ನೊಂದರದು 0.003. ಕಚ್ಚುವುದು ಎರಡನೆಯದೇ, ಮುಂಮುಖದ ಮೇಲೆ ಉಂಗುರವೂ ಇದೆ. ಮೊದಲನೆಯದರಲ್ಲಿ ಪಿನ್ ಕಪ್ಪಾಗಿತ್ತು. ನಳಿಗೆಯ ಹಿಂತುದಿಯನ್ನು ಅರದಿಂದ ಉಜ್ಜಲೇ?

---

ಕಪ್ಪುಹೊಗೆ

ಅರ ಮುಟ್ಟಬೇಡಿ, ಓರೆಯಾದರೆ ಸರಿಪಡಿಸಲು ಆಗದು. ಮೊದಲು ಸಿಲಿಂಡರನ್ನು ಬೆರಳಲ್ಲಿ ಹಿಂದಕ್ಕೆ ಒತ್ತಿ ಒಂದು ಸಲ, ಮುಂದಕ್ಕೆ ಒತ್ತಿ ಒಂದು ಸಲ ಅಳೆಯಿರಿ. ಎರಡರ ನಡುವೆ 0.003ಕ್ಕಿಂತ ಹೆಚ್ಚು ವ್ಯತ್ಯಾಸ ಇದ್ದರೆ ಸಿಲಿಂಡರ್ ಹಿಂದೆ ಮುಂದೆ ಆಡುತ್ತಿದೆ, ಬುಶಿಂಗ್ ಬದಲಿಸಿದರೆ ಆ ಆಟವೂ ಹೋಗುತ್ತದೆ, ಸಂದೂ ಸರಿಹೋಗಬಹುದು. ಆಟ ಇಲ್ಲದೆ 0.003 ಇದ್ದರೆ ಗನ್‌ಸ್ಮಿತ್ ಹತ್ತಿರ ಕೊಟ್ಟು ನಳಿಗೆಯ ಹಿಂತುದಿಯನ್ನು ಚೌಕವಾಗಿ 0.006ಕ್ಕೆ ಕತ್ತರಿಸಿಸಿ. ಮೊದಲನೆಯದಕ್ಕೆ ಗುಂಡಿನ ಲ್ಯೂಬ್ ಬದಲಿಸಿ, ಪಿನ್ನಿಗೆ ಅದನ್ನೇ ಹಚ್ಚಿ, ಬೇರೇನೂ ಬೇಡ.

ತುಂಬುವ ಕ್ರಮ ಮಾತ್ರ ಎರಡಕ್ಕೂ ಒಂದೇ: ಒಂದು ಹಾಕಿ, ಒಂದು ಬಿಟ್ಟು, ನಾಲ್ಕು ಹಾಕಿ, ಕುದುರೆಯನ್ನು ಪೂರ್ತಿ ಎಳೆದು, ಖಾಲಿ ಚೇಂಬರಿನ ಮೇಲೆ ಮೆಲ್ಲಗೆ ಇಳಿಸಿ. ಲೋಡಿಂಗ್ ಟೇಬಲ್‌ನಲ್ಲಿ ಮುಂದಿನಿಂದ ಇಣುಕಿ ನೋಡಬೇಡಿ, ಪಕ್ಕದಿಂದ ರಿಮ್‌ಗಳ ಸಂದಿನ ಬೆಳಕು ನೋಡಿದರೆ ಖಾಲಿ ಮನೆ ಎಲ್ಲಿದೆ ಎಂದು ಕಾಣುತ್ತದೆ.