ಬೆಕ್ಕು, ನಾಯಿ ಸಾಕಿರುವ ಮನೆಯಲ್ಲಿ ರಕೂನಿಗೆ ಬೋನು ಇಡಬಹುದೇ?

ಪ್ರಶ್ನೆ (ಮಿಸಿಸಾಗಾ, ಒಂಟಾರಿಯೊ, ಕೆನಡಾ): ನಮಸ್ಕಾರ ಡಾಕ್ಟರೇ. ನಮ್ಮ ಹಿತ್ತಿಲಿನ ಡೆಕ್‌ (ಮರದ ಜಗಲಿ) ಕೆಳಗೆ ರಕೂನ್ ಎಂಬ ಕಾಡುಪ್ರಾಣಿಯೊಂದು ಸೇರಿಕೊಂಡು, ರಾತ್ರಿಯೆಲ್ಲ ಕಸದ ಡಬ್ಬಿ ಉರುಳಿಸುತ್ತಿದೆ. ಜೀವಂತವಾಗಿ ಹಿಡಿಯುವ ಬೋನನ್ನು ತಂದಿದ್ದೇನೆ. ಆದರೆ ನಮ್ಮ ಬೆಕ್ಕು ಹೊರಗೆ ಓಡಾಡುತ್ತದೆ, ನಾಯಿಯೂ ಇದೆ. ಅವುಗಳಿಗೆ ಅಪಾಯವಾಗದಂತೆ ಬೋನು ಇಡುವುದು ಹೇಗೆ?

ಪಶುವೈದ್ಯೆಯ ಉತ್ತರ: ನಮಸ್ಕಾರ. ಬೋನಿನೊಳಗೆ ಮೀನನ್ನಾಗಲಿ, ಬೆಕ್ಕಿನ ಆಹಾರವನ್ನಾಗಲಿ ಇಟ್ಟರೆ ಮೊದಲು ಸಿಕ್ಕಿಬೀಳುವುದು ನಿಮ್ಮ ಅಥವಾ ನೆರೆಮನೆಯ ಬೆಕ್ಕು. ಮಾರ್ಷ್‌ಮ್ಯಾಲೋ ಎಂಬ ಮೆತ್ತನೆಯ ಸಿಹಿತಿಂಡಿ ಇಡಿ, ಸಿಹಿಯ ರುಚಿಯೇ ಬೆಕ್ಕಿಗೆ ತಿಳಿಯುವುದಿಲ್ಲ, ರಕೂನಿಗೋ ಅದು ಬಹಳ ಇಷ್ಟ. ಆದರೆ ನಾಯಿಗೂ ಸಿಹಿ ಹಿಡಿಸುವುದರಿಂದ, ಕತ್ತಲಾಗಿ ಎರಡನ್ನೂ ಮನೆಯೊಳಗೆ ಸೇರಿಸಿಕೊಂಡ ಮೇಲೆಯೇ ಬೋನಿನ ಬಾಗಿಲು ತೆರೆದಿಡಿ. ಬೆಳಗಾಗುತ್ತಲೇ ಮೊದಲು ನೀವೊಬ್ಬರೇ ಹೋಗಿ ನೋಡಿ, ಖಾಲಿಯಿದ್ದರೆ ಮುಚ್ಚಿದ ನಂತರವಷ್ಟೇ ನಾಯಿಯನ್ನು ಹೊರಗೆ ಬಿಡಿ. ಬೋನಿಗೆ ಬಿದ್ದ ರಕೂನ್ ಕಂಬಿಗಳ ಸಂದಿಯಿಂದ ಕೈ ಚಾಚಿ ಪರಚಬಲ್ಲದು. 2015ರ ಡಿಸೆಂಬರಿನಲ್ಲಿ ಒಂಟಾರಿಯೊದ ಹ್ಯಾಮಿಲ್ಟನ್‌ ನಗರದಲ್ಲಿ, ಪ್ರಾಣಿಗಳನ್ನು ಸಾಗಿಸುತ್ತಿದ್ದ ವಾಹನದೊಳಗೆ ಎರಡು ನಾಯಿಗಳೊಡನೆ ಕಾದಾಡಿದ ರಕೂನಿಗೆ ರೇಬಿಸ್ ಇದ್ದುದು ಪರೀಕ್ಷೆಯಲ್ಲಿ ಪತ್ತೆಯಾಯಿತು. ಆದ್ದರಿಂದ ನಿಮ್ಮ ಬೆಕ್ಕು, ನಾಯಿ ಎರಡಕ್ಕೂ ರೇಬಿಸ್ ಲಸಿಕೆ, ನಾಯಿಗೆ ಡಿಸ್ಟೆಂಪರ್ ಎಂಬ ವೈರಸ್ ರೋಗದ ಲಸಿಕೆ ಆಗಿದೆಯೆಂದು ಖಚಿತವಾಗುವವರೆಗೆ ದಯವಿಟ್ಟು ಬೋನು ಇಡಬೇಡಿ.

ಮರುಪ್ರಶ್ನೆ: ಲಸಿಕೆಗಳೆಲ್ಲ ಆಗಿವೆ. ಹಿಡಿದ ಮೇಲೆ ದೂರದ ಕಾಡಿನಲ್ಲಿ ಬಿಟ್ಟು ಬರಬಹುದೇ?

ಉತ್ತರ: ಬರುವಂತಿಲ್ಲ. ಒಂಟಾರಿಯೊದ ನಿಯಮದಂತೆ 24 ಗಂಟೆಗಳೊಳಗೆ, ಹಿಡಿದ ಜಾಗದಿಂದ 1 ಕಿಲೋಮೀಟರ್ ವ್ಯಾಪ್ತಿಯಲ್ಲೇ ಬಿಡಬೇಕು. ಅಷ್ಟು ದೂರದಿಂದ ಅದು ಸುಲಭವಾಗಿ ಮರಳಿ ಬರುತ್ತದೆ. ಹೀಗಾಗಿ ನಾನು ನಿಮಗೆ ಹೇಳುವುದು ಬೋನಿನ ಬದಲು ಡೆಕ್‌ನ ಕಂಡಿಗೆ, ಹೊರಕ್ಕೆ ಮಾತ್ರ ತೆರೆದುಕೊಳ್ಳುವ ಬಾಗಿಲು ಹಾಕಿಸಿ, ಉಳಿದ ಸಂದುಗಳಿಗೆ ನೆಲದೊಳಕ್ಕೂ ಇಳಿಯುವಂತೆ ತಂತಿಜಾಲರಿ ಹೊಡೆಸಿರೆಂದು; ಇದರಿಂದ ನಿಮ್ಮ ಬೆಕ್ಕುನಾಯಿಗಳು ಸಿಕ್ಕಿಕೊಳ್ಳುವ ಪ್ರಶ್ನೆಯೂ ಏಳುವುದಿಲ್ಲ. ಕಸದ ಡಬ್ಬಿಗೆ ಬೀಗದ ಮುಚ್ಚಳ ಬೇಕು, ನಾಯಿಯ ಊಟದ ತಟ್ಟೆ ರಾತ್ರಿ ಹೊರಗಿರಬಾರದು. ಆದರೆ ವಸಂತ ಮತ್ತು ಬೇಸಿಗೆಯಲ್ಲಿ ಒಳಗೆ ಮರಿಗಳಿರಬಹುದು. ತಾಯಿಯನ್ನು ಹೊರಗಟ್ಟಿ ದಾರಿ ಮುಚ್ಚಿದರೆ ಅವು ಹಸಿದು ಸಾಯುತ್ತವೆ. ಮರಿಗಳ ಕೂಗು ಕೇಳಿಸಿದರೆ, ಅವು ತಾಯಿಯ ಹಿಂದೆ ನಡೆಯುವಷ್ಟು ಬೆಳೆಯುವವರೆಗೆ ತಾಳಿಕೊಳ್ಳಿ.

ಇನ್ನೊಂದು ವಿಷಯವನ್ನು ನೀವು ಕೇಳಲಿಲ್ಲ. ರಕೂನ್‌ಗಳು ಒಂದೇ ಜಾಗದಲ್ಲಿ ಮತ್ತೆ ಮತ್ತೆ ಮಲ ಹಾಕುತ್ತವೆ, ಅದರಲ್ಲಿನ ದುಂಡುಹುಳುವಿನ (ಕರುಳಿನಲ್ಲಿ ಬದುಕುವ ಪರಾವಲಂಬಿ ಹುಳು) ಮೊಟ್ಟೆಗಳು 2ರಿಂದ 4 ವಾರಗಳಲ್ಲಿ ಸೋಂಕು ತಗುಲಿಸುವ ಹಂತಕ್ಕೆ ಬರುತ್ತವೆ. ಮಣ್ಣು ಮೂಸುವ ನಾಯಿಗೂ, ಅಲ್ಲಿ ಆಡುವ ಮಕ್ಕಳಿಗೂ ಅಪಾಯವಿರುವುದರಿಂದ, ಕಂಡ ದಿನವೇ ಕೈಗವಸು ಮತ್ತು ಮಾಸ್ಕ್ ಧರಿಸಿ ಅದನ್ನು ತೆಗೆದು, ಆ ಜಾಗಕ್ಕೆ ಕುದಿಯುವ ನೀರು ಸುರಿಯಿರಿ.